ರೇಡಿಯೇಟರ್ ಫ್ಯಾನಿನ ಸ್ವಿಚ್ ವಿಪರೀತ ಬಿಸಿಯಾಗುತ್ತಿದೆ

ಪ್ರಶ್ನೆ:
ಹಳೆಯ ಕಾರಿನ ರೇಡಿಯೇಟರ್ ಫ್ಯಾನನ್ನು ಬೇಕೆಂದಾಗ ಚಾಲೂ ಮಾಡಲು ಮೆಕ್ಯಾನಿಕ್ ಒಬ್ಬರು ಡ್ಯಾಶ್‌ಬೋರ್ಡಿನ ಕೆಳಗೆ ಸ್ವಿಚ್ ಹಾಕಿಕೊಟ್ಟಿದ್ದಾರೆ. ಘಾಟಿ ಏರುವಾಗ ಅದು ಮುಟ್ಟಲಾಗದಷ್ಟು ಕಾಯುತ್ತದೆ, ಪ್ಲಾಸ್ಟಿಕ್ ಸುಟ್ಟ ವಾಸನೆಯೂ ಬರುತ್ತದೆ. ಅದರ ಮೇಲೆ ‘6 ಆಂಪಿಯರ್, 250 ವೋಲ್ಟ್ ಎಸಿ’ ಎಂದಿದೆ. ಇನ್ನೂ ದೊಡ್ಡ ಸ್ವಿಚ್ ಹಾಕಿದರೆ ಸಾಕೆ?

ಉತ್ತರ 1:
ಅದು ಮನೆಯ ಗೋಡೆಗೆ ಹಾಕುವ ಸ್ವಿಚ್. 250 ವೋಲ್ಟ್ ತಾಳುವುದಕ್ಕೆ ಕಾರಿನ 12 ವೋಲ್ಟ್ ಯಾವ ಲೆಕ್ಕ ಎನ್ನಿಸುವುದು ಸಹಜ. ಆದರೆ ಸ್ವಿಚ್ಚನ್ನು ಕಾಯಿಸುವುದು ಅದರ ಮೂಲಕ ಹರಿಯುವ ಕರೆಂಟೇ ಹೊರತು ವೋಲ್ಟೇಜ್ ಅಲ್ಲ. ಫ್ಯಾನು 120 ವ್ಯಾಟಿನದೆಂದು ಹಿಡಿದರೂ 10 ಆಂಪಿಯರ್ ಎಳೆಯುತ್ತದೆ, ತಿರುಗಲಾರಂಭಿಸುವ ಕ್ಷಣದಲ್ಲಿ ಅದರ ಹಲವು ಪಟ್ಟು. ನಮ್ಮ ಮನೆಗಳ ಎಸಿಯಲ್ಲಿ ಕರೆಂಟು ಸೆಕೆಂಡಿಗೆ 100 ಬಾರಿ ಶೂನ್ಯಕ್ಕೆ ಇಳಿಯುವುದರಿಂದ ಸ್ವಿಚ್ ಆರಿಸುವಾಗ ಏಳುವ ಕಿಡಿ ತಾನಾಗಿ ಆರುತ್ತದೆ; ಕಾರಿನ ಬ್ಯಾಟರಿಯ ಡಿಸಿಯಲ್ಲಿ ಹಾಗಾಗದೆ ಸ್ವಿಚ್ಚಿನೊಳಗೆ ಒಂದಕ್ಕೊಂದು ತಾಗುವ ಪಾಯಿಂಟುಗಳು ಸುಟ್ಟು ರೋಧ (ಕರೆಂಟಿಗೆ ಅಡ್ಡಿ) ಹೆಚ್ಚುತ್ತದೆ. ರೋಧ 0.1 ಓಮ್ ಆದರೂ ಆ ಪುಟ್ಟ ಡಬ್ಬಿಯೊಳಗೆ 10 ವ್ಯಾಟ್ ಶಾಖ ಹುಟ್ಟುತ್ತದೆ.

ಉತ್ತರ 2:
ದೊಡ್ಡ ಸ್ವಿಚ್ಚಿಗಿಂತ ನಾಲ್ಕು ಪಿನ್ನಿನ ರಿಲೇ (ಅಲ್ಪ ಕರೆಂಟಿನಿಂದ ಹೆಚ್ಚು ಕರೆಂಟನ್ನು ಚಾಲೂ ಮಾಡುವ ಸಾಧನ) ಮೇಲು; ಅದರ ಪಿನ್ನುಗಳಿಗೆ 30, 85, 86, 87 ಎಂಬ ಸಂಖ್ಯೆಗಳಿರುತ್ತವೆ. ಬ್ಯಾಟರಿಯಿಂದ ಫ್ಯೂಸ್ ಮೂಲಕ 30ಕ್ಕೆ, 87ರಿಂದ ಫ್ಯಾನಿಗೆ ದಪ್ಪ ವೈರ್ ಎಳೆಯಿರಿ. 85ನ್ನು ಅರ್ಥಿಂಗ್‌ಗೆ, ಅಂದರೆ ಕಾರಿನ ಲೋಹದ ಬಾಡಿಗೆ, ಸೇರಿಸಿ, ಇಗ್ನಿಷನ್ ವೈರನ್ನು ಸ್ವಿಚ್ ಮೂಲಕ 86ಕ್ಕೆ ಕೊಡಿ. ಆಗ ಸ್ವಿಚ್ಚಿನಲ್ಲಿ ಹರಿಯುವುದು ರಿಲೇ ಕಾಯಿಲಿನ ಅಲ್ಪ ಕರೆಂಟು ಮಾತ್ರ. ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಲಿ.

ಉತ್ತರ 3:
ರಿಲೇ ಹಾಕುವ ಮುನ್ನ, ಬ್ಯಾಟರಿ ಬಿಚ್ಚಿ, ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಿ. ಬೇರಿಂಗ್ ಬಿಗಿಯಾಗಿದ್ದರೆ ಮೋಟರು ಹೆಚ್ಚು ಕರೆಂಟು ಎಳೆಯುತ್ತದೆ, ರಿಲೇಯೂ ಬಾಳಿಕೆ ಬಾರದು. ಬಿಸಿ ಏರಿದಾಗ ಫ್ಯಾನನ್ನು ತಾನಾಗಿ ಚಾಲೂ ಮಾಡುವ ಥರ್ಮೋ ಸ್ವಿಚ್ ಇದ್ದರೆ ಅದನ್ನು ಕಿತ್ತುಹಾಕಬೇಡಿ.