ಅಪ್‌ಡೇಟ್: ಎರಡು ಆಬ್ಜೆಕ್ಟ್, ಒಂದೇ ಲಿಸ್ಟ್ – ಕಾರಣ ಸಿಕ್ಕಿತು

ಪ್ರಶ್ನೆ ಇಷ್ಟು: ಪೈಥಾನ್‌ನಲ್ಲಿ ‘ಕಾರ್ಟ್’ ಕ್ಲಾಸ್, ಅದರ ಕನ್‌ಸ್ಟ್ರಕ್ಟರ್‌ನಲ್ಲಿ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಫಂಕ್ಷನ್) ‘ಐಟಮ್ಸ್’ ಪ್ಯಾರಾಮೀಟರ್, ಅದರ ಡೀಫಾಲ್ಟ್ ಖಾಲಿ ಲಿಸ್ಟ್. ಅದನ್ನೇ ನೇರವಾಗಿ ಸೆಲ್ಫ್ ಡಾಟ್ ಐಟಮ್ಸ್‌ಗೆ ಕೊಟ್ಟಿದೆ. ಮೊದಲ ಕಾರ್ಟ್‌ಗೆ ಅಪೆಂಡ್ ಮಾಡಿದ ಅಕ್ಕಿ ಎರಡನೆಯದರಲ್ಲೂ ಪ್ರತ್ಯಕ್ಷ!

ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಡೀಫಾಲ್ಟ್ ವ್ಯಾಲ್ಯೂ ತಯಾರಾಗುವುದು ಫಂಕ್ಷನ್ ಶುರುವಾಗುವ ‘ಡೆಫ್’ (def) ಸಾಲು ರನ್ ಆದಾಗ, ಒಂದೇ ಸಲ. ಆಬ್ಜೆಕ್ಟ್ ಹುಟ್ಟಿದಾಗಲೆಲ್ಲ ಅಲ್ಲ. ಆಟ್ರಿಬ್ಯೂಟ್‌ಗಳು ಬೇರೆ ಬೇರೆಯೇ, ಆದರೆ ಎರಡೂ ಬೊಟ್ಟು ಮಾಡುವುದು ಅದೇ ಲಿಸ್ಟ್‌ನತ್ತ. ಎರಡರ ಐಟಮ್ಸ್‌ಗೂ ಆಬ್ಜೆಕ್ಟ್‌ನ ಗುರುತಿನ ಸಂಖ್ಯೆ ಕೊಡುವ ಐಡಿ ಫಂಕ್ಷನ್ ಹಾಕಿ ನೋಡಿದರೆ ಒಂದೇ ಸಂಖ್ಯೆ ಬರುತ್ತದೆ. ಸಂಖ್ಯೆ, ಸ್ಟ್ರಿಂಗ್‌ಗಳಲ್ಲಿ ಈ ಕಾಟವಿಲ್ಲ, ಅವನ್ನು ಇದ್ದಲ್ಲೇ ಬದಲಿಸಲು ಬರುವುದಿಲ್ಲವಲ್ಲ.

ಈಗ ಡೀಫಾಲ್ಟ್ ‘ನನ್’ (None, ಅಂದರೆ ‘ಏನೂ ಇಲ್ಲ’). ಐಟಮ್ಸ್ ‘ಈಸ್ ನನ್’ ಆದರೆ ಕನ್‌ಸ್ಟ್ರಕ್ಟರ್ ಒಳಗೇ ಹೊಸ ಲಿಸ್ಟ್. ‘ಆರ್’ (or) ಹಾಕಿ ಒಂದೇ ಸಾಲಿನಲ್ಲಿ ಮುಗಿಸುವ ಸಲಹೆಯೂ ಬಂದಿತ್ತು, ನನಗದು ಒಗ್ಗಲಿಲ್ಲ. ‘ಆರ್’ಗೆ ಖಾಲಿ ಲಿಸ್ಟ್ ಕೂಡ ‘ಇಲ್ಲ’ದ ಲೆಕ್ಕ, ಹಾಗಾಗಿ ಕರೆದವರು ಬೇಕೆಂದೇ ತಮ್ಮ ಖಾಲಿ ಲಿಸ್ಟ್ ಕೊಟ್ಟರೂ ಅದನ್ನು ಸದ್ದಿಲ್ಲದೆ ಬಿಸಾಕಿ ಬೇರೆಯದನ್ನು ಹಿಡಿಯುತ್ತದೆ.

ಇನ್ನೊಂದು ತೂತು ಉಳಿದಿತ್ತು. ಹೊರಗಿನ ಒಂದೇ ಲಿಸ್ಟನ್ನು ಎರಡು ಕಾರ್ಟ್‌ಗಳಿಗೆ ಆರ್ಗ್ಯುಮೆಂಟ್ ಆಗಿ ಕೊಟ್ಟರೆ ಮತ್ತದೇ ಕಥೆ. ಹಾಗಾಗಿ ಬಂದದ್ದನ್ನು ಲಿಸ್ಟ್ ಫಂಕ್ಷನ್‌ನಿಂದ ಕಾಪಿ ಮಾಡಿಯೇ ಇಡುತ್ತಿದ್ದೇನೆ. ಇದು ಮೇಲ್ಪದರದ ಕಾಪಿ ಮಾತ್ರ; ಒಳಗೆ ಡಿಕ್ಷನರಿಗಳಿದ್ದರೆ ಅವು ಹಂಚಿಕೆಯಾಗಿಯೇ ಉಳಿಯುತ್ತವೆ, ಅದಕ್ಕೆ ಒಳಗಿನದನ್ನೂ ನಕಲು ಮಾಡುವ ಡೀಪ್‌ಕಾಪಿ ಬೇಕು.

ಕನ್‌ಸ್ಟ್ರಕ್ಟರನ್ನು ತಾನೇ ಬರೆದುಕೊಡುವ, ಪೈಥಾನ್ 3.7ರಿಂದ ಇರುವ ಡೇಟಾಕ್ಲಾಸ್‌ನಲ್ಲಿ ಖಾಲಿ ಲಿಸ್ಟನ್ನು ಡೀಫಾಲ್ಟ್ ಮಾಡಿದರೆ ಕ್ಲಾಸ್ ಬರೆದ ಜಾಗದಲ್ಲೇ ವ್ಯಾಲ್ಯೂ ಎರರ್ ಬೀಳುತ್ತದೆ. ಅಲ್ಲಿ ಫೀಲ್ಡ್‌ಗೆ ‘ಡೀಫಾಲ್ಟ್ ಫ್ಯಾಕ್ಟರಿ’ಯಾಗಿ (ಪ್ರತಿ ಆಬ್ಜೆಕ್ಟ್‌ಗೂ ಹೊಸ ಡೀಫಾಲ್ಟ್ ತಯಾರಿಸುವ ಫಂಕ್ಷನ್) ಲಿಸ್ಟ್ ಎಂದು ಕೊಡಬೇಕು, ಮುಂದೆ ಆವರಣ ಹಾಕದೆ.