ಬಲಕ್ಕೆ ನೋಡಿಸಿದರೆ ನಿಸ್ಟಾಗ್ಮಸ್ ಮಾಡೆಲ್ ಉಲ್ಟಾ ಬಡಿಯುತ್ತಿದೆ, ಯಾಕೆ?

ಓಲಾಟ: ತಲೆ ಕೆಟ್ಟುಹೋಗಿದೆ, ಯಾರಾದರೂ ನೋಡಿ ಹೇಳಿ. ಹುಟ್ಟಿದ ಮೊದಲ ಕೆಲವು ತಿಂಗಳಲ್ಲೇ ಶುರುವಾಗುವ, ಕಣ್ಣು ತಾನಾಗಿಯೇ ಅಲ್ಲಾಡುವ ತೊಂದರೆಯಾದ ನಿಸ್ಟಾಗ್ಮಸ್‌ಗೆ ಪೈಥಾನ್‌ನಲ್ಲಿ ಮಾಡೆಲ್ ಬರೆಯುತ್ತಿದ್ದೇನೆ. ನೇರ ನೋಟದಲ್ಲಿ ಗ್ರಾಫ್ ಚೆನ್ನಾಗಿದೆ. ಸ್ಲೋ ಫೇಸ್ (ಕಣ್ಣು ನಿಧಾನವಾಗಿ ಸರಿಯುವ ಭಾಗ) ವೇಗ ಏರಿಸಿಕೊಳ್ಳುತ್ತಾ ಜಾರುತ್ತದೆ, ಫಾಸ್ಟ್ ಫೇಸ್ (ಥಟ್ಟನೆ ಹಾರುವ ಭಾಗ) ಅದನ್ನು ವಾಪಸ್ ಎಳೆಯುತ್ತದೆ. 15 ಡಿಗ್ರಿ ಬಲಕ್ಕೆ ನೋಡಿಸಿದ ಕೂಡಲೇ ಎಲ್ಲ ಉಲ್ಟಾ. ಎಲ್ಲ ಸೆಟ್ಟಿಂಗ್ ಬದಲಿಸಿಯಾಯಿತು.

ಸಣ್ಣಹೆಜ್ಜೆ: ಸ್ಟೆಪ್ ಸೈಜ್ (ಒಂದು ಲೆಕ್ಕದಿಂದ ಮುಂದಿನ ಲೆಕ್ಕಕ್ಕೆ ಬಿಡುವ ಸಮಯ) ಎಷ್ಟು? ಫಾಸ್ಟ್ ಫೇಸ್ ಸೆಕೆಂಡಿಗೆ ನೂರಾರು ಡಿಗ್ರಿ ಮುಟ್ಟಬಹುದು. ಸ್ಟೆಪ್ ದೊಡ್ಡದಾದರೆ ಎರಡು ಮೂರು ಚುಕ್ಕೆಯಲ್ಲೇ ಮುಗಿದುಹೋಗುತ್ತದೆ.

ಓಲಾಟ: 1 ಮಿಲಿಸೆಕೆಂಡ್.

ಸಣ್ಣಹೆಜ್ಜೆ: 0.1 ಮಾಡಿ. ಲೆಕ್ಕಕ್ಕೆ ಆಯ್ಲರ್ ವಿಧಾನ ಬಿಟ್ಟು ಇನ್ನೂ ನಿಖರವಾದ ರುಂಗೆ-ಕುಟ್ಟ ಹಾಕಿ.

ಓಲಾಟ: ಹಾಕಿದೆ. ಅದೇ ಗ್ರಾಫ್.

ಸಣ್ಣಹೆಜ್ಜೆ: ಹಾಗಾದರೆ ಫಾಸ್ಟ್ ಫೇಸ್ ಶುರುವಾಗುವ ಕ್ಷಣವನ್ನು ಸಾಲ್ವರ್ ಸರಿಯಾಗಿ ಹಿಡಿಯುತ್ತಿಲ್ಲ. ಈವೆಂಟ್ ಡಿಟೆಕ್ಷನ್ ಹಾಕಿ ನೋಡಿ.

ಕಣ್ಜಾಡು: ಸುಮ್ನೆ ಮಾಡೆಲ್ ಜೊತೆ ಗುದ್ದಾಡುವ ಬದಲು ನಿಜವಾದ ರೆಕಾರ್ಡಿಂಗ್ ಇಟ್ಟುಕೊಳ್ಳಿ. ನಮ್ಮದು ಕಣ್ಣಿನ ಚಲನೆ ಅಳೆಯುವ 1000 ಹರ್ಟ್ಸ್ ಟ್ರ್ಯಾಕರ್, ಗಲ್ಲಕ್ಕೆ ಸ್ಟ್ಯಾಂಡ್, ಎರಡೂ ಕಣ್ಣಿಗೆ ಬೇರೆ ಬೇರೆ ಕ್ಯಾಮೆರಾ. ಸ್ಲೋ ಫೇಸ್ ಎಷ್ಟು ನುಣುಪಾಗಿ ಬರುತ್ತದೆ ಅಂದರೆ ಫಿಲ್ಟರೇ ಬೇಡ.

ಮಂದಬೆಳಕು: ಅಷ್ಟೆಲ್ಲಾ ಇದ್ದರೂ ಕ್ಯಾಲಿಬ್ರೇಶನ್ (ಗೊತ್ತಿರುವ ಜಾಗದ ಚುಕ್ಕೆ ನೋಡಿಸಿ ಟ್ರ್ಯಾಕರ್ ಹೊಂದಿಸುವುದು) ಹೇಗೆ? ನಿಸ್ಟಾಗ್ಮಸ್ ಇರುವವರ ಕಣ್ಣು ಚುಕ್ಕೆಯ ಮೇಲೆ ನಿಲ್ಲುವುದೇ ಇಲ್ಲ, ಸರಾಸರಿ ತೆಗೆದರೆ ಜಾಗವೇ ತಪ್ಪುತ್ತದೆ. ಒಂದೊಂದೇ ಕಣ್ಣು ಮುಚ್ಚಿ, ಫೋವಿಯೇಶನ್ ಆಗುವ (ಚುಕ್ಕೆ ರೆಟಿನಾದ ಅತಿ ಸ್ಪಷ್ಟವಾಗಿ ಕಾಣುವ ಜಾಗದ ಮೇಲೆ ಬೀಳುವ) ತುಣುಕುಗಳನ್ನಷ್ಟೇ ಆರಿಸಿಕೊಳ್ಳಬೇಕು.

ಕಣ್ಜಾಡು: ನಾವು ಹಾಗೇ ಮಾಡೋದು. ಗೊತ್ತಿಲ್ಲದವರ ಹಾಗೆ ಮಾತಾಡಬೇಡಿ.

ಮಂದಬೆಳಕು: ಸರಿ, ಈ ಜಗಳ ಬೇರೆ ಕಡೆ ಇಟ್ಟುಕೊಳ್ಳೋಣ. ಓಲಾಟ, ಉಲ್ಟಾ ಅಂದರೆ ಏನು? ಸಮೀಕರಣ ಹಾಕಿ.

ಓಲಾಟ: ಬಲಕ್ಕೆ ನೋಡಿದಾಗ ಫಾಸ್ಟ್ ಫೇಸ್ ಎಡಕ್ಕೆ ಹೊಡೆಯುತ್ತಿದೆ, ಅಷ್ಟೇ. ಇಂಟಿಗ್ರೇಟರ್ (ವೇಗದ ಸಂಕೇತವನ್ನು ಕಣ್ಣಿನ ಸ್ಥಾನವಾಗಿಸುವ ಮೆದುಳಿನ ಭಾಗ) ಮಾಮೂಲಿಯದೇ. ಕಣ್ಣಿನ ವೇಗ = ಕಣ್ಣಿನ ಸ್ಥಾನ ÷ ಟೈಮ್ ಕಾನ್‌ಸ್ಟೆಂಟ್ (ಜಾರುವಿಕೆ ಎಷ್ಟು ಬೇಗ ಬದಲಾಗುತ್ತದೆ ಅನ್ನುವ ಅಳತೆ).

ಮಂದಬೆಳಕು: ಅಲ್ಲೇ ಇದೆ ನೋಡಿ. ಚಿಹ್ನೆ ಮೈನಸ್ ಇದ್ದಿದ್ದರೆ ಸೋರುವ ಇಂಟಿಗ್ರೇಟರ್, ಸ್ಲೋ ಫೇಸ್ ನಿಧಾನವಾಗುತ್ತಾ ಹೋಗುತ್ತಿತ್ತು. ಪ್ಲಸ್ ಇದೆ, ಹಾಗಾಗಿ ವೇಗ ಏರುತ್ತದೆ, ನೇರ ನೋಟದಲ್ಲಿ ಚೆಂದ ಕಾಣುತ್ತದೆ. ಆದರೆ ಈ ಸ್ಥಾನವನ್ನು ನಡುವಿನಿಂದ ಅಳೆದಿದ್ದೀರಿ. ಬಲಕ್ಕೆ ಹೋದ ಕಣ್ಣನ್ನು ಅದು ಇನ್ನೂ ಬಲಕ್ಕೇ ತಳ್ಳುತ್ತದೆ, ಫಾಸ್ಟ್ ಫೇಸ್ ಎಡಕ್ಕೆ ಬರಲೇಬೇಕು. ಈ ನಿಸ್ಟಾಗ್ಮಸ್‌ನಲ್ಲಿ ಸಾಮಾನ್ಯವಾಗಿ ಬಲಕ್ಕೆ ನೋಡಿದರೆ ಬಡಿತವೂ, ಅಂದರೆ ಫಾಸ್ಟ್ ಫೇಸ್ ಕೂಡ, ಬಲಕ್ಕೆ. ಸ್ಲೋ ಫೇಸ್ ನಲ್ ಝೋನ್ (ಅಲುಗಾಟ ಅತಿ ಕಡಿಮೆ ಇರುವ ನೋಟದ ದಿಕ್ಕು) ಕಡೆಗೆ ಜಾರುತ್ತದೆ. 1984ರಲ್ಲಿ ಸಂಶೋಧಕರಾದ ಆಪ್ಟಿಕನ್ ಮತ್ತು ಝೀ ಅದಕ್ಕೇ ಇಂಟಿಗ್ರೇಟರ್ ಸುತ್ತಲಿನ ವೇಗದ ಫೀಡ್‌ಬ್ಯಾಕ್‌ನ ಚಿಹ್ನೆ ತಿರುಗಿದೆ ಅಂತ ವಾದಿಸಿದ್ದು.

ಅಷ್ಟು ದೂರ ಹೋಗದೆ ಹೀಗೆ ಮಾಡಿ. ಸ್ಥಾನವನ್ನು ಗುರಿಯಿಂದ ಅಳೆಯಿರಿ, ಅದನ್ನೇ ಟೈಮ್ ಕಾನ್‌ಸ್ಟೆಂಟ್‌ನಿಂದ ಭಾಗಿಸಿ, ಜೊತೆಗೆ ನಲ್ ಕಡೆಗೆ ಎಳೆಯುವ ಸಣ್ಣ ಬಯಾಸ್ ಸೇರಿಸಿ. 0.1 ಸೆಕೆಂಡ್ ಟೈಮ್ ಕಾನ್‌ಸ್ಟೆಂಟ್, ಸೆಕೆಂಡಿಗೆ 2 ಡಿಗ್ರಿ ಬಯಾಸ್ ಇಟ್ಟರೆ 0.3 ಸೆಕೆಂಡಿನಲ್ಲಿ ಕಣ್ಣು 3.8 ಡಿಗ್ರಿ ಜಾರುತ್ತದೆ. ವೇಗ ಸೆಕೆಂಡಿಗೆ 4 ಡಿಗ್ರಿ ದಾಟುವುದು ಸುಮಾರು 70 ಮಿಲಿಸೆಕೆಂಡ್ ಆದಮೇಲೆ, ಅಷ್ಟರಲ್ಲಿ ಕಣ್ಣು ಸರಿದಿರುವುದು ಬರೀ 0.2 ಡಿಗ್ರಿ. ಫೋವಿಯೇಶನ್ ಆ 70 ಮಿಲಿಸೆಕೆಂಡಿನಲ್ಲೇ, ಮಗು ಚೆನ್ನಾಗಿ ನೋಡುವುದು ಆ ಸಂದಿನಲ್ಲೇ.

ಸಣ್ಣಹೆಜ್ಜೆ: ಆದರೂ ಸ್ಟೆಪ್ 0.1 ಇಡಿ.

ಓಲಾಟ: ಬಂತು! ಬಲಕ್ಕೆ ಬಲ, ಎಡಕ್ಕೆ ಎಡ. ತುಂಬಾ ಥ್ಯಾಂಕ್ಸ್. ನಲ್‌ನಲ್ಲಿ ಮಾತ್ರ ಬಯಾಸ್ ಸೊನ್ನೆ, ಕಣ್ಣು ಅಲ್ಲಾಡುವುದೇ ಇಲ್ಲ.

ಮಂದಬೆಳಕು: ಸ್ವಲ್ಪ ನಾಯ್ಸ್ ಸೇರಿಸಿ. ದಿಕ್ಕು ಆಗಾಗ ಬದಲಾದರೆ ಗಾಬರಿಯಾಗಬೇಡಿ, ನಲ್ ಹತ್ತಿರ ಹಾಗಾಗಬಹುದು.

ಓಲಾಟ: ಪೆಂಡ್ಯುಲರ್ ಅಲೆ (ಫಾಸ್ಟ್ ಫೇಸ್ ಇಲ್ಲದೆ ಲೋಲಕದ ಹಾಗೆ ತೂಗುವುದು) ಇದರಲ್ಲೇ ಬರುತ್ತದಾ?

ಮಂದಬೆಳಕು: ಇಲ್ಲ. ಮೊದಲ ಆರ್ಡರ್‌ನ (ವೇಗದವರೆಗೆ ಮಾತ್ರ ಹೋಗುವ) ಸಮೀಕರಣ ತಾನಾಗಿ ಹಿಂದೆ ಮುಂದೆ ತೂಗುವುದಿಲ್ಲ. ಎರಡನೇ ಆರ್ಡರ್ ಬೇಕು, ಇಲ್ಲವೇ ಫೀಡ್‌ಬ್ಯಾಕ್‌ನಲ್ಲಿ ಡಿಲೇ ಬೇಕು.

ಕಣ್ಜಾಡು: ಪೆಂಡ್ಯುಲರ್ ರೆಕಾರ್ಡಿಂಗ್ ನಮ್ಮ ಹತ್ತಿರ ಇದೆ, ಹೆಸರು ತೆಗೆದು ಕೊಡಬಹುದಾ ಅಂತ ಆ ರೋಗಿಯ ಮನೆಯವರನ್ನು ಕೇಳಿ ಹೇಳುತ್ತೇನೆ.

ಓಲಾಟ: ಕಾಯುತ್ತೇನೆ. ಡಿಲೇ ಎಷ್ಟು ಇಡಲಿ?