ಆರಾಧನೆಯಲ್ಲಿ ಎಲ್ಲರ ಕಣ್ಣು ಹಾಡುವವರ ಮೇಲೆಯೇ, ಏನು ಮಾಡಬಹುದು?

ಮಲ್ಪೆ ತೀರ:
ಎಲ್ಲರಿಗೂ ಕ್ರಿಸ್ತನ ನಾಮದಲ್ಲಿ ವಂದನೆಗಳು. ಉಡುಪಿ ಕಡೆಯ ಸಭೆ ನಮ್ಮದು, ಭಾನುವಾರ ನೂರೈವತ್ತು ಜನ ಸೇರುತ್ತಾರೆ. ಆರಾಧನೆ ನಡೆಸುವವರು ಇಬ್ಬರು. ಇಬ್ಬರೂ ದೇವಭಯ ಉಳ್ಳವರು, ಕಂಠವೂ ಒಳ್ಳೆಯದು. ಆದರೆ ಶನಿವಾರ ರಾತ್ರಿಯೇ ಗ್ರೂಪಿನಲ್ಲಿ "ನಾಳೆ ವರ್ಶಿಪ್ ಯಾರದು?" ಎಂದು ಕೇಳಿ, ಉತ್ತರ ನೋಡಿ ಬರುವವರೂ ಇದ್ದಾರೆ. ಹಾಡುವಾಗ ಮುಕ್ಕಾಲು ಪಾಲು ಜನ ಬಾಯಿ ಮುಚ್ಚಿ ವೇದಿಕೆ ನೋಡುತ್ತಾ ನಿಲ್ಲುತ್ತಾರೆ. ಸಭಾಪಾಲಕರು ಪ್ರಸಂಗದಲ್ಲಿ ಹೇಳಿದ್ದೂ ಆಯಿತು. ಆ ಇಬ್ಬರ ಮನಸ್ಸು ನೋಯದಂತೆ ಇದನ್ನು ಸರಿಪಡಿಸುವುದು ಹೇಗೆ?

ಹಳೇ ಹಾರ್ಮೋನಿಯಂ:
ಮೊದಲು ಶ್ರುತಿ ನೋಡಿ ಮಾರಾಯ್ರೆ. ಜನ ಬಾಯಿ ಮುಚ್ಚುವುದು ಭಕ್ತಿ ಕಡಿಮೆಯಾಗಿ ಅಲ್ಲ, ಸ್ವರ ಎಟುಕದೆ. ಯೂಟ್ಯೂಬಿನ ಸ್ಕೇಲು ಒಬ್ಬ ಪಳಗಿದ ಗಾಯಕನ ಕಂಠಕ್ಕೆ ಹೊಂದಿಸಿದ್ದು. ಅದನ್ನೇ ಎತ್ತಿಕೊಂಡರೆ ಎರಡನೇ ಸಾಲಿಗೆ ಸಭೆ ಕೈಬಿಡುತ್ತದೆ, ಆಮೇಲೆ ಉಳಿಯುವುದು ಕೇಳುವ ಕೆಲಸ ಮಾತ್ರ.

ಹೆಂಗಸರ ಸ್ವರದ ಲೆಕ್ಕದಲ್ಲಿ, ಕೀಬೋರ್ಡಿನ ಮಧ್ಯದ ಸಿ ಗಿಂತ ಕೆಳಗಿನ ಎ ಯಿಂದ ಒಂದು ಸ್ಥಾಯಿ ಮೇಲಿನ ಡಿ ತನಕ ಸಾಮಾನ್ಯ ಸಭೆಗೆ ಆರಾಮ. ಗಂಡಸರು ತಾವಾಗಿಯೇ ಒಂದು ಸ್ಥಾಯಿ ಕೆಳಗೆ ಹಾಡುತ್ತಾರೆ. ಹಾಡಿನ ಅತಿ ಎತ್ತರದ ಸ್ವರ ಹುಡುಕಿ. ಅದು ಆ ಡಿ ಗಿಂತ ಮೇಲಿನ ಎಫ್ ಶಾರ್ಪ್ ಆಗಿದ್ದರೆ ಕೀಬೋರ್ಡಿನ ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಗುಂಡಿಯಲ್ಲಿ ನಾಲ್ಕು ಅರ್ಧಸ್ವರ ಇಳಿಸಿ. ಇ ಸ್ಕೇಲಿನ ಹಾಡು ಸಿ ಗೆ ಬರುತ್ತದೆ. ಇಳಿಸಿದಾಗ ತಗ್ಗಿನ ಸ್ವರ ಎ ಗಿಂತ ಕೆಳಗೆ ಬಿದ್ದರೆ ಆ ಹಾಡು ಸಭೆಗೆ ಹೇಳಿದ್ದಲ್ಲ, ಕ್ವಾಯರಿಗೆ ಬಿಡಿ. ಗಿಟಾರಿನವರಿಗೆ ಮೊದಲೇ ತಿಳಿಸಿ. ಕೇಪೋ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್) ಶ್ರುತಿ ಏರಿಸುತ್ತದೆ, ಇಳಿಸುವುದಿಲ್ಲ. ಹಾಗಾಗಿ ಅವರು ಕಾರ್ಡ್‌ಗಳನ್ನೇ ಬದಲಿಸಿ ಅಭ್ಯಾಸ ಮಾಡಬೇಕು.

ಹೊಸ ಹಾಡು ತಿಂಗಳಿಗೆ ಒಂದು ಸಾಕು, ಅದನ್ನೇ ಮೂರು ಭಾನುವಾರ ಬಿಡದೆ ಹಾಡಿಸಿ. ಕೊನೆಯ ಚರಣಕ್ಕೆ ವಾದ್ಯ ಪೂರ್ತಿ ನಿಲ್ಲಿಸಿ. ತನ್ನದೇ ದನಿ ಕೇಳಿಸಿಕೊಂಡ ಸಭೆ ಮುಂದಿನ ವಾರ ತಾನಾಗಿ ಬಾಯಿ ತೆರೆಯುತ್ತದೆ.

ಸೌಂಡ್ ಡೆಸ್ಕ್ ಕುಡ್ಲ:
ಹಾರ್ಮೋನಿಯಂ ಅಣ್ಣ ಹೇಳಿದ್ದಕ್ಕೆ ಸೇರಿಸುತ್ತೇನೆ. ಮೂರನೇ ಸಾಲಿನಲ್ಲಿ ನಿಂತವನಿಗೆ ಪಕ್ಕದವನ ಹಾಡು ಕೇಳಬೇಕು, ಅಳತೆ ಇಷ್ಟೇ. ಫೋನಿನ ಡೆಸಿಬೆಲ್ ಆ್ಯಪ್ ತೀರಾ ನಿಖರವಲ್ಲ, ಆದರೂ ಹಾಲಿನ ನಡುವೆ 80ರಿಂದ 85ರೊಳಗೆ ಇಟ್ಟುಕೊಳ್ಳಿ. ಮಿಕ್ಸರಿನಲ್ಲಿ ಮುಖ್ಯ ಮೈಕಿನ ಫೇಡರನ್ನು (ದನಿ ಏರಿಳಿಸುವ ಜಾರುಗುಂಡಿ) ಮೊದಲ ಚರಣಕ್ಕೆ ಮೇಲಿಟ್ಟು, ಸಭೆ ಹಿಡಿದುಕೊಂಡ ಮೇಲೆ ಮೆಲ್ಲನೆ ಇಳಿಸಿ. ಹಾಡುವವರೂ ಪಲ್ಲವಿಗೆ ಬಂದಾಗ ಮೈಕಿನಿಂದ ಒಂದಡಿ ಹಿಂದೆ ಸರಿಯಲಿ.

ನಮ್ಮ ಊರಿನದೇ ಒಂದು ತೊಂದರೆ ಇದೆ. ಶೀಟಿನ ಮಾಡಿನ ಹಾಲಿನಲ್ಲಿ ಜೂನ್ ಮಳೆ ಹೊಡೆಯುವಾಗ ಎಲ್ಲವನ್ನೂ ಏರಿಸುತ್ತಾರೆ, ಮಳೆ ನಿಂತ ಮೇಲೆ ಇಳಿಸಲು ಮರೆಯುತ್ತಾರೆ. ಫೇಡರಿನ ಪಕ್ಕ ಟೇಪ್ ಅಂಟಿಸಿ ಎರಡು ಗೆರೆ ಎಳೆಯಿರಿ: ಒಂದು ಮಳೆಗೆ, ಒಂದು ಬಿಸಿಲಿಗೆ.

ಸಭೆಯ ದೀಪ ಆರಿಸಿ ವೇದಿಕೆಗೆ ಮಾತ್ರ ಬೆಳಕು ಬಿಟ್ಟರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಅದರಲ್ಲಿ ಜನರ ತಪ್ಪೇನೂ ಇಲ್ಲ. ಎಲ್ಲ ದೀಪ ಉರಿಯಲಿ.

ಸ್ಕ್ರೀನಿನ ಅಕ್ಷರವೂ ಮುಖ್ಯ. ಪದ ಓದಲಾಗದವರು ಹಾಡುವವರ ತುಟಿ ನೋಡುತ್ತಾರೆ. ಒಂದು ಸ್ಲೈಡಿಗೆ ನಾಲ್ಕೇ ಸಾಲು. ಕನ್ನಡಕ್ಕೆ ಸಾಲಿನ ಅಂತರ ಒಂದೂವರೆ ಇಡಿ, ಇಲ್ಲದಿದ್ದರೆ "ಸ್ತೋತ್ರ"ದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಸಿಕ್ಕಿಕೊಳ್ಳುತ್ತದೆ. ಯೂನಿಕೋಡ್ ಅಕ್ಷರವನ್ನೇ ಬಳಸಿ. ಹಳೆಯ ನುಡಿ ಫಾಂಟಿನ ಫೈಲು ಬೇರೆ ಲ್ಯಾಪ್‌ಟಾಪಿನಲ್ಲಿ ಕಲಸುಮೇಲೋಗರ. ಕೊನೆಯ ಸಾಲು ಶುರುವಾಗುತ್ತಿದ್ದಂತೆ ಮುಂದಿನ ಸ್ಲೈಡಿಗೆ ಬೆರಳು ಸಿದ್ಧವಿರಲಿ, ಆ ಸಾಲಿನ ಕೊನೆಯ ಪದಕ್ಕೆ ಒತ್ತಿ.

ಬಲ್ಮಠ ಆಲ್ಟೊ:
ಸರದಿ ಹಾಕದೆ ಇಷ್ಟೆಲ್ಲ ಮಾಡಿದರೂ "ಯಾರದು ವರ್ಶಿಪ್" ನಿಲ್ಲುವುದಿಲ್ಲ. ಬೈಬಲಿನ ಒಂದನೆಯ ಪೂರ್ವಕಾಲವೃತ್ತಾಂತ 25ನೇ ಅಧ್ಯಾಯ ತೆಗೆದು ನೋಡಿ. ದಾವೀದನ ಕಾಲದ ಗಾಯಕರು 288 ಮಂದಿ, ಹನ್ನೆರಡು ಮಂದಿಯ 24 ವರ್ಗ, ಸರದಿ ಗೊತ್ತುಮಾಡಿದ್ದು ಚೀಟು ಹಾಕಿ. ಹಿರಿಯ ಕಿರಿಯ, ಗುರು ಶಿಷ್ಯ ಎಂಬ ಭೇದ ಅಲ್ಲಿರಲಿಲ್ಲ. ಅದೇ ಅಧ್ಯಾಯದಲ್ಲಿ ಅವರೆಲ್ಲರೂ ಹಾಡುವುದರಲ್ಲಿ ತರಬೇತಾದವರೆಂದೂ ಇದೆ. ಅದನ್ನು ಬಿಟ್ಟು ಬರೀ ಸರದಿ ಹಿಡಿದುಕೊಂಡರೆ ಅಪಸ್ವರದವರು ಮುಂದೆ ಬರುತ್ತಾರೆ, ಆಗಲೂ ಜನ ನೋಡುವುದು ಅವರನ್ನೇ!

ಆದ್ದರಿಂದ ಈಗಿನ ಇಬ್ಬರೂ ತಲಾ ಇಬ್ಬರನ್ನು ಕಲಿಸಲಿ. ಮೊದಲ ಎರಡು ತಿಂಗಳು ಹೊಸಬರು ಮುಖ್ಯ ಸ್ವರ ಹಾಡುವಾಗ ಹಳಬರು ಪಕ್ಕದಲ್ಲಿ ಎರಡನೇ ಸ್ವರ ಹಾಡಲಿ. ಇದು ಅವರನ್ನು ಬದಿಗೆ ಸರಿಸಿದಂತೆ ಆಗುವುದಿಲ್ಲ, ಗುರುಸ್ಥಾನ ಕೊಟ್ಟಂತೆ. ಸರದಿಯ ಪಟ್ಟಿ ತಂಡದೊಳಗೆ ಮಾತ್ರ ಇರಲಿ. ಗ್ರೂಪಿಗೆ ಹಾಡಿನ ಪಟ್ಟಿ ಹಾಕಿ, ಹೆಸರು ಬೇಡ. ಸ್ತುತಿ ಸಂಜೆಯ ಫ್ಲೆಕ್ಸಿನಲ್ಲಿ ಹಾಡುವವರ ಫೋಟೊ ಖಂಡಿತ ಬೇಡ.

ಹಾಡುಗಳ ನಡುವೆ ಐದೈದು ನಿಮಿಷದ ಮಾತೂ ಬೇಡ. ಕೀರ್ತನೆಯಿಂದ ಎರಡು ವಚನ ಓದಿ, ನೇರ ಮುಂದಿನ ಹಾಡಿಗೆ ಹೋಗಲಿ.

ಇಗರ್ಜಿ ಗಂಟೆ:
ನಾನು ಕಥೋಲಿಕ, ಆದರೂ ಒಂದು ಮಾತು. ಕ್ವಾಯರ್ ಕೂರುವ ಜಾಗದ ಬಗ್ಗೆ ಆರಾಧನಾ ಸಂಗೀತ ಕುರಿತು ವ್ಯಾಟಿಕನ್ ಹೊರಡಿಸಿದ 1967ರ 'ಮುಸಿಕಾಂ ಸಾಕ್ರಂ' ಸೂಚನೆಯಲ್ಲಿ ಸ್ಪಷ್ಟವಾಗಿದೆ: ಅವರು ಸಭೆಯದೇ ಭಾಗವೆಂದು ಕಾಣಬೇಕು. ಶಿಲುಬೆ ಮತ್ತು ಬಲಿಪೀಠದ ಮುಂದೆ ಕೀಬೋರ್ಡ್, ಡ್ರಮ್ಸ್ ಅಡ್ಡ ನಿಲ್ಲಿಸಬೇಡಿ, ಪಕ್ಕಕ್ಕೆ ಓರೆಯಾಗಿಡಿ.

ಮಲ್ಪೆ ತೀರ:
ತುಂಬಾ ಉಪಕಾರ. ಶ್ರುತಿ ಮತ್ತು ದೀಪ ಈ ವಾರವೇ ಸರಿ ಮಾಡುತ್ತೇವೆ. ಲೈವ್ ಕ್ಯಾಮೆರಾ? ಹುಡುಗರು ಹಾಡುವವರ ಮುಖಕ್ಕೇ ಜೂಮ್ ಮಾಡುತ್ತಾರೆ.

ಸೌಂಡ್ ಡೆಸ್ಕ್ ಕುಡ್ಲ:
ಹಾಡಿನ ಹೊತ್ತಿಗೆ ಟ್ರೈಪಾಡಿನಲ್ಲಿ ಅಗಲ ಶಾಟ್ ಒಂದೇ, ಕೆಳಗೆ ಹಾಡಿನ ಸಾಲು. ಸಭೆಯ ಕಡೆ ತಿರುಗಿಸಿ ಒಂದು ಮೈಕ್ ಇಟ್ಟು ಲೈವಿಗೆ ಮಾತ್ರ ಕೊಡಿ, ಹಾಲಿನ ಸ್ಪೀಕರಿಗೆ ಹೋದರೆ ಕೀರಲು ಹೊಡೆಯುತ್ತದೆ. ಆಗ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಗೂ ಇಡೀ ಸಭೆ ಹಾಡುವುದು ಕೇಳುತ್ತದೆ.